ಮಲಯದ ‘ಹೊಸ ಹಳ್ಳಿ’ ಕೆಲಸ ಮಾಡಿತು, ಮಿಜೋ ಗುಡ್ಡಗಳ ಗುಂಪುಹಳ್ಳಿ ಏಕೆ ಮಾಡಲಿಲ್ಲ?

ಕಂದಕ ಕೇಳಿದ್ದು:

ಬಂಡಾಯ ನಿಗ್ರಹದ ಬಗ್ಗೆ ಏನು ಓದಿದರೂ ‘ಸ್ಥಳೀಯ ಜನರ ಮನಸ್ಸು ಗೆಲ್ಲಬೇಕು’ ಎಂಬ ಮಾತು ಬಂದೇ ಬರುತ್ತದೆ. ಗೆಲ್ಲುವುದು ಹೇಗೆ ಎನ್ನುವ ಕಡೆ ಮಾತ್ರ ಬರಹ ತೆಳ್ಳಗಾಗುತ್ತದೆ. ಆಸ್ಪತ್ರೆ, ಶಾಲೆ, ರಸ್ತೆ ಎಂದು ಪಟ್ಟಿ ಕೊಟ್ಟು ಮುಗಿಸುತ್ತಾರೆ.

ನನ್ನ ಗೊಂದಲ ಇದು. 1948ರಿಂದ 1960ರವರೆಗೆ ಮಲಯದಲ್ಲಿ (ಇಂದಿನ ಪರ್ಯಾಯದ್ವೀಪ ಮಲೇಷ್ಯಾ) ನಡೆದ ಕಮ್ಯುನಿಸ್ಟ್ ಬಂಡಾಯದ ಕಾಲದಲ್ಲಿ ಬ್ರಿಟಿಷರು ಕಾಡಂಚಿನ ಚೀನೀ ಒಕ್ಕಲುಗಳನ್ನು ಎಬ್ಬಿಸಿ ಮುಳ್ಳುತಂತಿಯ ಬೇಲಿಯೊಳಗಿನ ಹೊಸ ಹಳ್ಳಿಗಳಿಗೆ ತುಂಬಿದರು. 1967ರಿಂದ ಮಿಜೋ ಗುಡ್ಡಗಳಲ್ಲಿ (ಇಂದಿನ ಮಿಜೋರಾಂ, ಆಗ ಅಸ್ಸಾಂನ ಜಿಲ್ಲೆ) ನಮ್ಮ ಸರ್ಕಾರವೂ ಹಲವು ಹಳ್ಳಿಗಳನ್ನು ಒಂದೆಡೆ ಸೇರಿಸಿದ ‘ಗುಂಪುಹಳ್ಳಿ’ ಕಟ್ಟಿ ಹೆಚ್ಚುಕಡಿಮೆ ಅದನ್ನೇ ಮಾಡಿತು. ಮೇಲ್ನೋಟಕ್ಕೆ ಎರಡೂ ಒಂದೇ: ಬೇಲಿ, ಗೇಟು, ಕರ್ಫ್ಯೂ, ಪಡಿತರ. ಒಂದು ಕಡೆ ಗೆರಿಲ್ಲಾಗಳು ಒಣಗಿಹೋದರು. ಇನ್ನೊಂದು ಕಡೆ ಇಪ್ಪತ್ತು ವರ್ಷ ಎಳೆದು, ಕೊನೆಗೆ ಮಾತುಕತೆಯಿಂದಲೇ ಮುಗಿಯಿತು.

ಬೇಲಿಯಲ್ಲಿ ವ್ಯತ್ಯಾಸವಿತ್ತೋ, ಅದರೊಳಗಿದ್ದ ಬದುಕಿನಲ್ಲಿತ್ತೋ? ದಿನನಿತ್ಯದ ಮಟ್ಟದಲ್ಲಿ ಏನು ಮಾಡಿದರು, ಎಲ್ಲಿ ಕೆಟ್ಟಿತು ಎಂದು ಬಲ್ಲವರು ಬಿಡಿಸಿ ಹೇಳಬೇಕು.

---

ರಬ್ಬರ್‌ಸಾಲು ಉತ್ತರ:

ಮೊದಲು ‘ಮನಸ್ಸು ಗೆಲ್ಲುವುದು’ ಎಂಬ ಮಾತನ್ನು ಪಕ್ಕಕ್ಕಿಡೋಣ. ಕಾಡಂಚಿನ ಒಬ್ಬ ರಬ್ಬರ್ ಕೂಲಿಯವನ ಪ್ರಶ್ನೆ ಸರ್ಕಾರ ಒಳ್ಳೆಯದೋ ಕೆಟ್ಟದ್ದೋ ಎನ್ನುವುದಲ್ಲ. ‘ಇವತ್ತು ಪೊಲೀಸರಿಗೆ ಒಂದು ಮಾತು ಹೇಳಿದರೆ, ರಾತ್ರಿ ಬಾಗಿಲು ತಟ್ಟುವವರು ಯಾರು?’ ಎನ್ನುವುದು. ಇದಕ್ಕೆ ಉತ್ತರ ಕೊಡದೆ ಎಷ್ಟು ಔಷಧಿ ಹಂಚಿದರೂ ಅವನು ಔಷಧಿ ತೆಗೆದುಕೊಳ್ಳುತ್ತಾನೆ, ಮಾತು ಕೊಡುವುದಿಲ್ಲ.

ಮಲಯದಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ಸಂಖ್ಯೆ ತುಂಬಿದ್ದಾಗ ಸುಮಾರು 8,000. ಅವರಿಗೆ ಅಕ್ಕಿ, ಚಂದಾ, ಸುದ್ದಿ, ಹೊಸ ಹುಡುಗರನ್ನು ಒದಗಿಸುತ್ತಿದ್ದದ್ದು ಹಳ್ಳಿಗಳೊಳಗಿನ ಮಿನ್ ಯುಯೆನ್ ಎಂಬ ಜಾಲ. 1950ರ ಏಪ್ರಿಲ್‌ನಲ್ಲಿ ಕಾರ್ಯಾಚರಣೆಯ ನಿರ್ದೇಶಕನಾಗಿ ಬಂದ ಹೆರಾಲ್ಡ್ ಬ್ರಿಗ್ಸ್ ಹಿಡಿದದ್ದು ಇದೇ ಬೇರನ್ನು. ಕಾಡಿನಲ್ಲಿ ಸಾವಿರ ಸೈನಿಕರು ಬಾಚಿ ಹುಡುಕಿದರೂ ಸಿಗದವನು, ಅಕ್ಕಿಗಾಗಿ ಮಾತ್ರ ಕಾಡಂಚಿಗೆ ಬರಲೇಬೇಕು. ಅಲ್ಲಿ ಕಾಯಬೇಕು.

ಕೆಲಸದ ಕ್ರಮ ಹೀಗಿತ್ತು. ಜಿಲ್ಲಾ ಮಟ್ಟದಲ್ಲಿ ಒಂದು ಸಮರ ಸಮಿತಿ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಪೊಲೀಸ್ ಮುಖ್ಯಸ್ಥ ಮತ್ತು ಸೇನಾ ಕಮಾಂಡರ್ ಸದಸ್ಯರು. ಮೂವರೂ ದಿನಾ ಬೆಳಗ್ಗೆ ಒಂದೇ ನಕ್ಷೆಯ ಮುಂದೆ ಕೂರಬೇಕು. ನಾಗರಿಕ ಅಧಿಕಾರಿಯನ್ನು ಮೇಲಿಟ್ಟದ್ದು ಶೋಭೆಗಲ್ಲ. ಭೂಮಿ, ಪರಿಹಾರ, ನೀರು ಇವೆಲ್ಲ ಅವನ ಕೈಯಲ್ಲಿರುತ್ತವೆ. ಸೇನೆಯವರು ಒಂದು ಕಡೆ ಬಾಂಬು ಹಾಕುವುದು, ಕಂದಾಯದವರು ಅದೇ ಕಡೆ ಮಾತು ಕೊಟ್ಟು ಬರುವುದು, ಈ ಅನಾಹುತ ತಪ್ಪಿದ್ದು ಆ ಮೇಜಿನಿಂದ.

ನಂತರ ಸ್ಥಳಾಂತರ. ಸುಮಾರು ಐದು ಲಕ್ಷ ಜನ, ಸುಮಾರು 450 ಹಳ್ಳಿಗಳು. ಬೆಳಗಿನ ಜಾವ ಸೈನಿಕರು ಸುತ್ತುವರಿಯುತ್ತಿದ್ದರು, ಲಾರಿಗಳಲ್ಲಿ ಹಂದಿ-ಕೋಳಿ-ಪಾತ್ರೆ ಸಮೇತ ಕುಟುಂಬವನ್ನು ಸಾಗಿಸುತ್ತಿದ್ದರು, ಹಳೇ ಗುಡಿಸಲು ಕೆಡವುತ್ತಿದ್ದರು. ಇದು ಬಲವಂತವೇ. ಮೊದಲ ಎರಡು ವರ್ಷ ಹಲವು ಕಡೆ ನೀರಿಲ್ಲ, ಚರಂಡಿಯಿಲ್ಲ, ಪೊಲೀಸ್ ಠಾಣೆ ಬೇಲಿಯ ಹೊರಗೆ. ಅಂಥ ಹಳ್ಳಿಗಳಲ್ಲಿ ಮಿನ್ ಯುಯೆನ್ ಬೇಲಿಯೊಳಗೇ ಆರಾಮಾಗಿ ಬೆಳೆಯಿತು. 1951ರಲ್ಲಿ ದಾಳಿಗಳು ಉತ್ತುಂಗಕ್ಕೇರಿದವು. ಅಕ್ಟೋಬರ್‌ನಲ್ಲಿ ಹೈಕಮಿಷನರ್, ಅಂದರೆ ಮಲಯದ ಬ್ರಿಟಿಷ್ ಆಡಳಿತದ ಮುಖ್ಯಸ್ಥ, ಹೆನ್ರಿ ಗರ್ನಿಯನ್ನೇ ಫ್ರೇಸರ್ಸ್ ಹಿಲ್ ದಾರಿಯಲ್ಲಿ ಹೊಂಚು ಹಾಕಿ ಕೊಂದರು. ಬೇಲಿ ಹಾಕಿದ್ದರಿಂದಲೇ ಜನ ಸರ್ಕಾರದ ಕಡೆ ತಿರುಗಿದರು ಎನ್ನುವುದಕ್ಕೆ ಈ ಎರಡು ವರ್ಷಗಳೇ ಎದುರು ಸಾಕ್ಷಿ.

ಗೇಟಿನ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲ ಗೆಲ್ಲುವುದೂ ಕೆಡುವುದೂ ಅಲ್ಲೇ. ರಬ್ಬರ್ ಹಾಲು ಬಿಸಿಲೇರುವ ಮೊದಲು ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಕರ್ಫ್ಯೂ ಮುಗಿಯುತ್ತಿದ್ದಂತೆ ಇಡೀ ಊರು ಒಮ್ಮೆಗೇ ಗೇಟಿಗೆ ಬರುತ್ತದೆ. ತಪಾಸಣೆ ಒಂದು ಗಂಟೆ ತಡವಾದರೆ ಆ ದಿನದ ಹಾಲು ಕಡಿಮೆ, ಕೂಲಿ ಕಡಿಮೆ. ತಪಾಸಣೆ ಸಡಿಲವಾದರೆ ಅಕ್ಕಿ ಹೊರಗೆ. ಸೈಕಲ್ಲಿನ ಕೊಳವೆಯಲ್ಲಿ, ಹೆಗಲ ಅಡ್ಡೆಯ ಬಿದಿರನ್ನು ಕೊರೆದು ಅದರೊಳಗೆ, ಹಂದಿಯ ಕಲಗಚ್ಚಿನ ಬಕೆಟ್ಟಿನ ತಳದಲ್ಲಿ ಅಕ್ಕಿ ಹೋಗುತ್ತಿತ್ತು. ಹೆಂಗಸರನ್ನು ತಪಾಸಣೆ ಮಾಡಲು ಹೆಂಗಸರೇ ಬೇಕು, ಮರೆ ಬೇಕು. ಸೆಲಾಂಗೊರ್‌ನ ಸೆಮೆನ್ಯಿಯಲ್ಲಿ ಹೆಂಗಸರ ಬಟ್ಟೆ ಬಿಚ್ಚಿಸಿ ಹುಡುಕಿದ ದೂರು ಎದ್ದು, 1956ರಲ್ಲಿ ಅಧಿಕೃತ ವಿಚಾರಣೆಯೇ ನಡೆಯಿತು. ಅಂಥ ಒಂದು ಬೆಳಗು ಎಷ್ಟೋ ತಿಂಗಳ ಕೆಲಸವನ್ನು ತೊಳೆದುಹಾಕುತ್ತದೆ.

ಕಠಿಣ ಕಾರ್ಯಾಚರಣೆ ನಡೆಯುವ ಕಡೆ ಹಸಿ ಅಕ್ಕಿ ಮಾರುವುದನ್ನೇ ನಿಲ್ಲಿಸಿ, ಸಾಮೂಹಿಕ ಅಡುಗೆಮನೆಯಲ್ಲಿ ಬೇಯಿಸಿದ ಅನ್ನ ಕೊಡುತ್ತಿದ್ದರು. ಆ ಸೆಕೆಯಲ್ಲಿ ಅನ್ನ ಮರುದಿನಕ್ಕೆ ಹಳಸುತ್ತದೆ, ಕಾಡಿನಲ್ಲಿ ಬಚ್ಚಿಡಲಾಗದು. ಡಬ್ಬಿ ಆಹಾರವನ್ನು ಅಂಗಡಿಯವನು ಮಾರುವಾಗಲೇ ತೂತು ಮಾಡಿ ಕೊಡಬೇಕು. ಇದಕ್ಕೂ ಮುಂಚೆ ಎರಡು-ಮೂರು ತಿಂಗಳು ಪೊಲೀಸರ ಗುಪ್ತಚರ ವಿಭಾಗವಾದ ಸ್ಪೆಷಲ್ ಬ್ರಾಂಚ್ ಸದ್ದಿಲ್ಲದೆ ಆ ಪ್ರದೇಶದ ಸರಬರಾಜುದಾರರನ್ನು ಗುರುತಿಸುತ್ತಿತ್ತು. ಆಮೇಲೆ ಬಿಗಿ ಪಡಿತರ. ಕೊನೆಗೆ, ಹಸಿದು ತಪ್ಪು ಮಾಡತೊಡಗಿದವರಿಗೆ ಹೊಂಚು. ಮೊದಲ ಹಂತವನ್ನು ಹಾರಿಸಿ ನೇರ ಪಡಿತರಕ್ಕೆ ಇಳಿದಲ್ಲೆಲ್ಲ ಹಸಿದದ್ದು ಊರು, ಗೆರಿಲ್ಲಾ ಅಲ್ಲ.

---

ಅಂಕಿಅಂಶ ಉತ್ತರ:

ರಬ್ಬರ್‌ಸಾಲು ಅವರು ಗೇಟಿನ ಬಗ್ಗೆ ಹೇಳಿದ್ದು ಸರಿ. ಆದರೆ ಗೇಟಿನ ಒಳಗೆ ಉಳಿಯಲು ಜನರಿಗೆ ಕಾರಣ ಕೊಟ್ಟದ್ದು ಬೇರೆ ಮೂರು ಸಂಗತಿ. ಅವು ಇಲ್ಲದೆ ಮಲಯವನ್ನು ಮಾದರಿ ಎಂದು ಎತ್ತಿಕೊಂಡು ಹೋದವರೆಲ್ಲ ಎಡವಿದ್ದಾರೆ.

ಒಂದು, ಹಕ್ಕುಪತ್ರ. ಆ ಕಾಡಂಚಿನ ಒಕ್ಕಲುಗಳು ಜಪಾನೀ ಆಕ್ರಮಣದ ಕಾಲದಲ್ಲಿ ಹಸಿವಿಗೆ ಹೆದರಿ ಪಟ್ಟಣದಿಂದ ಓಡಿಬಂದು, ಪಟ್ಟಾ ಇಲ್ಲದ ನೆಲದಲ್ಲಿ ಮರಗೆಣಸು, ತರಕಾರಿ ಬೆಳೆದು ಉಳಿದವರು. ಕಳೆದುಕೊಂಡದ್ದು ಗುಡಿಸಲು ಮತ್ತು ಹಕ್ಕಿಲ್ಲದ ತೋಟ. ಹೊಸ ಹಳ್ಳಿಯಲ್ಲಿ ಮನೆ ಜಾಗಕ್ಕೆ ಕಾಗದ ಸಿಗುವ ಸಾಧ್ಯತೆ ಹುಟ್ಟಿತು. ಅದೂ ಸುಲಭವಾಗಿರಲಿಲ್ಲ. ಭೂಮಿ ಆಯಾ ರಾಜ್ಯದ ವಿಷಯವಾಗಿತ್ತು, ಮಲಯ್ ಸುಲ್ತಾನರ ರಾಜ್ಯಗಳು ಚೀನೀಯರಿಗೆ ದೀರ್ಘಾವಧಿ ಹಕ್ಕು ಕೊಡಲು ಹಿಂದೇಟು ಹಾಕಿದವು. ತಾತ್ಕಾಲಿಕ ಪರವಾನಗಿಯಲ್ಲೇ ವರ್ಷಗಟ್ಟಲೆ ನೇತಾಡಿದ ಹಳ್ಳಿಗಳು ಬಹಳ.

ಎರಡು, ದುಡ್ಡು. ಇದನ್ನು ಸೇನಾ ಇತಿಹಾಸಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. 1950ರಲ್ಲಿ ಕೊರಿಯಾ ಯುದ್ಧ ಶುರುವಾದದ್ದೇ ತಡ, ರಬ್ಬರ್ ಮತ್ತು ತವರದ ಬೆಲೆ ಜಿಗಿಯಿತು. ಹೊಸ ಹಳ್ಳಿಗಳಿಗೆ ಬೊಕ್ಕಸದಲ್ಲಿ ಹಣ ಬಂತು, ಬೇಲಿಯೊಳಗಿದ್ದವರಿಗೆ ಹೊರಗೆ ಕೂಲಿ ಕಾದಿತ್ತು. ಬೇಸಾಯ ಕಳೆದುಕೊಂಡವನು ಕೂಲಿಯಿಂದ ಬದುಕಬಲ್ಲವನಾಗಿದ್ದ. ಕೂಲಿಯೇ ಇಲ್ಲದ ಕಡೆ ಇದೇ ಸ್ಥಳಾಂತರ ಕೊಟ್ಟಿದ್ದರೆ ಅದು ನಿರಾಶ್ರಿತರ ಶಿಬಿರವಾಗುತ್ತಿತ್ತು.

ಮೂರು, ರಾಜಕೀಯ. 1952ರ ಫೆಬ್ರವರಿಯಲ್ಲಿ ಗರ್ನಿಯ ಜಾಗಕ್ಕೆ ಹೈಕಮಿಷನರ್ ಆಗಿ ಬಂದ ಜೆರಾಲ್ಡ್ ಟೆಂಪ್ಲರ್ ಆಡಳಿತ ಮತ್ತು ಸೇನೆ ಎರಡರ ಅಧಿಕಾರವನ್ನೂ ಹೊಂದಿದ್ದ. ಅದೇ ವರ್ಷ ಪೌರತ್ವದ ನಿಯಮ ಸಡಿಲಿಸಿ ಲಕ್ಷಾಂತರ ಚೀನೀಯರಿಗೆ ಪೌರತ್ವ ತೆರೆಯಿತು. ಹಳ್ಳಿ ಸಮಿತಿಗಳಿಗೆ ಚುನಾವಣೆ, 1955ರ ಜುಲೈಯಲ್ಲಿ ಒಕ್ಕೂಟದ ಚುನಾವಣೆ (52ರಲ್ಲಿ 51 ಸ್ಥಾನ ಮಲಯ್, ಚೀನೀ, ಭಾರತೀಯ ಪಕ್ಷಗಳ ಅಲಯನ್ಸ್ ಕೂಟಕ್ಕೆ), 1957ರ ಆಗಸ್ಟ್ 31ಕ್ಕೆ ಸ್ವಾತಂತ್ರ್ಯ. ‘ವಸಾಹತುಶಾಹಿಯನ್ನು ಓಡಿಸುತ್ತೇವೆ’ ಎಂದು ಕಾಡಿಗೆ ಹೋದವರ ಕೈಯಿಂದ ಘೋಷಣೆಯೇ ಜಾರಿಹೋಯಿತು.

ಇನ್ನೊಂದು: ಗೆರಿಲ್ಲಾಗಳಲ್ಲಿ ಬಹುಪಾಲು ಚೀನೀಯರೇ. ಮಲಯ್ ಸಮುದಾಯ ಹೆಚ್ಚಿನಂಶ ದೂರವೇ ಉಳಿಯಿತು. ಅಂದರೆ ಬಂಡಾಯಕ್ಕೆ ಆರಂಭದಿಂದಲೇ ಒಂದು ಗಡಿ ಇತ್ತು. ಟೆಂಪ್ಲರ್ ಎಷ್ಟೇ ಸಮರ್ಥನಾಗಿದ್ದರೂ ಈ ಅನುಕೂಲ ಅವನು ಸೃಷ್ಟಿಸಿದ್ದಲ್ಲ.

---

ಕಂದಕ:

ಧನ್ಯವಾದ. ಹಾಗಾದರೆ ಮಾಹಿತಿ ಹೇಗೆ ಹೊರಬಂತು? ಊರಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ. ಠಾಣೆಗೆ ಹೋದವನು ಗುರುತಾಗುವುದಿಲ್ಲವೇ? ತಾಂಜೊಂಗ್ ಮಲಿಮ್‌ನಲ್ಲಿ ಊರಿಗೇ ಶಿಕ್ಷೆ ಕೊಟ್ಟದ್ದು ಕೆಲಸ ಮಾಡಿತು ಎಂದು ಕೆಲವರು ವಾದಿಸುತ್ತಾರಲ್ಲ?

---

ರಬ್ಬರ್‌ಸಾಲು:

ಆ ಘಟನೆಯಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ, ಬಿಡಿಸಿ ನೋಡಬೇಕು.

1952ರ ಮಾರ್ಚ್‌ನಲ್ಲಿ ತಾಂಜೊಂಗ್ ಮಲಿಮ್ ಬಳಿ ಗೆರಿಲ್ಲಾಗಳು ಒಡೆದ ನೀರಿನ ಪೈಪು ಸರಿಮಾಡಲು ಹೋದ ತಂಡದ ಮೇಲೆ ಹೊಂಚುದಾಳಿಯಾಗಿ 12 ಜನ ಸತ್ತರು. ಟೆಂಪ್ಲರ್ ಅಲ್ಲಿಗೇ ಹೋಗಿ, ದಿನಕ್ಕೆ 22 ಗಂಟೆ ಕರ್ಫ್ಯೂ ಹೇರಿ, ಅಕ್ಕಿಯ ಪಡಿತರ ಕಡಿತ ಮಾಡಿದ. ಬ್ರಿಟನ್ನಿನಲ್ಲೇ ಇದಕ್ಕೆ ಕಟು ಟೀಕೆ ಬಂತು, ಬರಬೇಕಾದದ್ದೇ. ಸಾಮೂಹಿಕ ಶಿಕ್ಷೆ ಹೆದರಿ ಸುಮ್ಮನಿದ್ದವನನ್ನೂ ಗೆರಿಲ್ಲಾಗಳಿಗೆ ನಿಜವಾಗಿ ನೆರವಾದವನನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ. ಸುಮ್ಮನಿದ್ದವನಿಗೆ ಇನ್ನು ಸುಮ್ಮನಿರಲು ಲಾಭವೇ ಉಳಿಯುವುದಿಲ್ಲ, ಆದರೆ ಅವನು ಯಾವ ಕಡೆ ವಾಲುತ್ತಾನೆ ಎನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಮರುವರ್ಷ ಊರಿಗೆ ಊರನ್ನೇ ಬಂಧಿಸುವ ನಿಯಮವನ್ನು ತೆಗೆದುಹಾಕಿದರು.

ಆದರೆ ಅದೇ ಊರಿನಲ್ಲಿ ಮಾಡಿದ ಇನ್ನೊಂದು ಕೆಲಸ ಉಳಿದುಕೊಂಡಿತು. ಮನೆ ಮನೆಗೂ ಒಂದೊಂದು ಪ್ರಶ್ನಾವಳಿ ಕೊಟ್ಟರು. ಹೆಸರು ಬರೆಯಬೇಕಿಲ್ಲ. ಬರೆಯಲು ಏನೂ ಇಲ್ಲದವನೂ ಖಾಲಿ ಕಾಗದವನ್ನು ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಮೊಹರು ಮಾಡಿದ ಪೆಟ್ಟಿಗೆಗಳನ್ನು ಊರಿನ ಪ್ರತಿನಿಧಿಗಳ ಜೊತೆಗೇ ಕ್ವಾಲಾಲಂಪುರಕ್ಕೆ ಒಯ್ದು, ಅವರ ಕಣ್ಣೆದುರು ಟೆಂಪ್ಲರ್ ತೆರೆದ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಹೇಳುವವನನ್ನು ಬಚ್ಚಿಡಬೇಕಾದರೆ ಎಲ್ಲರನ್ನೂ ಹೇಳುವವರಂತೆ ಕಾಣಿಸಬೇಕು. ವಿಚಾರಣೆಗೆ ಕರೆದರೆ ಇಡೀ ಸಾಲನ್ನು ಕರೆಯಿರಿ, ಪ್ರತಿಯೊಬ್ಬರಿಗೂ ಒಂದೇ ಅಳತೆಯ ಸಮಯ ಕೊಡಿ. ಒಬ್ಬ ಒಳಗೆ ಅರ್ಧ ಗಂಟೆ ಕೂತು ಮತ್ತೊಬ್ಬ ಎರಡು ನಿಮಿಷಕ್ಕೆ ಹೊರಬಂದರೆ ಹೊರಗೆ ಕಾದವರಿಗೆ ಅಷ್ಟು ಸಾಕು.

ಮಾಹಿತಿ ಬಂದ ಮೇಲೂ ತಪ್ಪುಗಳಾಗುತ್ತವೆ. ಸುದ್ದಿ ಬಂದ ರಾತ್ರಿಯೇ ದಾಳಿ ಮಾಡಿದರೆ ಸುದ್ದಿ ಯಾರಿಂದ ಎಂದು ಲೆಕ್ಕ ಹಾಕುವುದು ಸುಲಭ. ಕೆಲವು ದಿನ ತಡೆದು, ಗಸ್ತಿನವರು ಆಕಸ್ಮಿಕವಾಗಿ ಎದುರಾದಂತೆ ಮಾಡಬೇಕು. ಬಹುಮಾನದ ಹಣ ಒಮ್ಮೆಗೇ ಕೊಟ್ಟರೆ ಹೊಸ ಸೈಕಲ್ಲೇ ಗುಟ್ಟು ಹೇಳಿಬಿಡುತ್ತದೆ. ಜೊತೆಗೆ, ಸೇನಾ ತುಕಡಿ ಬದಲಾದಾಗ ಹೊಸಬರಿಗೆ ಊರಿನ ಮುಖ ಗೊತ್ತಿರುವುದಿಲ್ಲ. ಆದ್ದರಿಂದಲೇ ಮಾಹಿತಿದಾರರನ್ನು ಸೇನೆಯ ಬಳಿ ಬಿಡದೆ ಸ್ಪೆಷಲ್ ಬ್ರಾಂಚ್ ಕೈಯಲ್ಲಿಟ್ಟದ್ದು. ತುಕಡಿ ಹೋಗುತ್ತದೆ, ಠಾಣೆ ಇರುತ್ತದೆ.

ಇನ್ನೊಂದು ಕೊಂಡಿ: 1953ರ ಸೆಪ್ಟೆಂಬರ್‌ನಲ್ಲಿ ಮಲಾಕ್ಕಾದ ಒಂದು ಭಾಗವನ್ನು ಮೊದಲ ‘ಬಿಳಿ ಪ್ರದೇಶ’ (ಗೆರಿಲ್ಲಾಮುಕ್ತ ಪ್ರದೇಶ) ಎಂದು ಘೋಷಿಸಿ ಕರ್ಫ್ಯೂ, ಆಹಾರ ನಿರ್ಬಂಧ ಎಲ್ಲ ತೆಗೆದರು. ಪಕ್ಕದ ಊರಿನವರು ಅದನ್ನು ಕಣ್ಣಾರೆ ಕಂಡರು. ಸಹಕಾರಕ್ಕೆ ಏನು ಸಿಗುತ್ತದೆ ಎಂದು ಯಾರೂ ಭಾಷಣ ಮಾಡಬೇಕಾಗಲಿಲ್ಲ. ನಿರ್ಬಂಧ ಹೇರುವ ದಿನವೇ ಅದು ಯಾವಾಗ, ಯಾವ ಷರತ್ತಿನ ಮೇಲೆ ಇಳಿಯುತ್ತದೆ ಎಂದು ಹೇಳಲು ಬಾರದಿದ್ದರೆ ಹೇರಲೇಬಾರದು.

---

ಬಿದಿರಕ್ಕಿ ಉತ್ತರ:

ಮಿಜೋ ಭಾಗ ನಾನು ಹೇಳುತ್ತೇನೆ, ಇದನ್ನು ನಮ್ಮ ಓದುಗರು ತೀರ ಕಡಿಮೆ ಬಲ್ಲರು.

‘ಬಿದಿರು ಹೂ ಬಿಟ್ಟರೆ ಬರ’ ಎಂಬ ಮಾತು ನಮ್ಮ ಮಲೆನಾಡಿನಲ್ಲೂ ಇದೆ. ಮಿಜೋ ಗುಡ್ಡಗಳಲ್ಲಿ ಅದು ಸುಮಾರು 48 ವರ್ಷಕ್ಕೊಮ್ಮೆ ಬರುವ ಕಟುಸತ್ಯ, ಹೆಸರು ಮೌತಾಮ್. ಹೂವು, ಕಾಯಿ, ಇಲಿಗಳ ಹಿಂಡು, ಆಮೇಲೆ ಖಾಲಿ ಕಣಜ. 1958ರಲ್ಲೇ ಅಲ್ಲಿನ ಜಿಲ್ಲಾ ಪರಿಷತ್ತು ಬರ ಬರಲಿದೆ ಎಂದು ಎಚ್ಚರಿಸಿ ಅಸ್ಸಾಂ ಸರ್ಕಾರದ ಬಳಿ 15 ಲಕ್ಷ ರೂಪಾಯಿ ಕೇಳಿತ್ತು, ಸಿಗಲಿಲ್ಲ. ಬರಪರಿಹಾರಕ್ಕೆ ಹುಟ್ಟಿದ ಸಂಘಟನೆಯೇ 1961ರಲ್ಲಿ ಲಾಲ್‌ದೆಂಗಾ ನೇತೃತ್ವದ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರವರಿ 28ರ ರಾತ್ರಿ ದಂಗೆ. ಮಾರ್ಚ್ ಮೊದಲ ವಾರ ವಾಯುಪಡೆಯ ವಿಮಾನಗಳು ಐಜಾಲ್ ಮೇಲೆ ದಾಳಿ ಮಾಡಿದವು. ಸ್ವಂತ ದೇಶದ ಊರಿನ ಮೇಲೆ. ಆ ನೆನಪಿನ ಮೇಲೆ ಗುಂಪುಹಳ್ಳಿ ಕಟ್ಟಲು ಹೋದದ್ದು ಎಂಬುದನ್ನು ಮರೆಯಬಾರದು.

1967ರ ಜನವರಿಯಲ್ಲಿ ಮೊದಲ ಹಂತ. ಸಿಲ್ಚಾರ್‌ನಿಂದ ಐಜಾಲ್ ಮೂಲಕ ಲುಂಗ್ಲೆಗೆ ಹೋಗುವ ಹೆದ್ದಾರಿಯ ಎರಡೂ ಪಕ್ಕದ 106 ಹಳ್ಳಿಗಳನ್ನು 18 ಕೇಂದ್ರಗಳಿಗೆ ಸೇರಿಸಿದರು. ‘ರಕ್ಷಿತ ಮತ್ತು ಪ್ರಗತಿಪರ ಗ್ರಾಮ’ ಎಂದು ಹೆಸರು. ನಂತರದ ಹಂತಗಳೂ ಸೇರಿ ಜಿಲ್ಲೆಯ ಜನಸಂಖ್ಯೆಯ ಐದರಲ್ಲಿ ನಾಲ್ಕು ಪಾಲಿನಷ್ಟು ಜನ ಎಬ್ಬಿಸಲ್ಪಟ್ಟರು. ಮಲಯದಲ್ಲಿ ಮುಟ್ಟಿದ್ದು ಒಂದು ಸಮುದಾಯದ ಅಂಚನ್ನು. ಇಲ್ಲಿ ಮುಟ್ಟಿದ್ದು ಇಡೀ ಸಮಾಜವನ್ನು.

ಕೆಟ್ಟದ್ದು ಎಲ್ಲಿ? ಮೊದಲು ತಿಂಗಳು ನೋಡಿ. ಕಾಡು ಕಡಿದು ಸುಟ್ಟು ಬಿತ್ತುವ ಅಲ್ಲಿನ ಝೂಮ್ ಬೇಸಾಯದಲ್ಲಿ ಜನವರಿ-ಫೆಬ್ರವರಿ ಕಾಡು ಕಡಿಯುವ ಕಾಲ, ಮಾರ್ಚ್‌ನಲ್ಲಿ ಸುಡುವುದು, ಮೊದಲ ಮಳೆಗೆ ಬಿತ್ತನೆ. ಸರಿಯಾಗಿ ಕಡಿಯುವ ವಾರಗಳಲ್ಲಿ ಜನ ಗಂಟುಮೂಟೆ ಕಟ್ಟುತ್ತಿದ್ದರು. ಆ ವರ್ಷದ ಬೆಳೆ ಅಲ್ಲೇ ಹೋಯಿತು. ಎರಡನೆಯದು ದೂರ. ಕೇಂದ್ರದಿಂದ ಹಳೇ ಹೊಲಕ್ಕೆ ಗಂಟೆಗಟ್ಟಲೆ ಗುಡ್ಡ ಹತ್ತಿ ಇಳಿಯಬೇಕು, ಕತ್ತಲಾಗುವ ಮೊದಲು ವಾಪಸ್ ಬರಬೇಕು. ಕೆಲಸಕ್ಕೆ ಉಳಿಯುವುದು ನಡುವಿನ ಕೆಲವೇ ಗಂಟೆ. ಮೂರನೆಯದನ್ನು ನಮ್ಮ ರೈತರು ತಕ್ಷಣ ಹಿಡಿಯುತ್ತಾರೆ: ಬೆಳೆ ಹಾಲು ತುಂಬುವಾಗ ರಾತ್ರಿ ಕಾವಲು ಬೇಕು. ನಮ್ಮಲ್ಲಿ ಅಟ್ಟಣೆ ಕಟ್ಟಿ ಕಾಯುವಂತೆ ಅವರಿಗೆ ಹೊಲದ ಗುಡಿಸಲು ಇತ್ತು. ಕರ್ಫ್ಯೂ ಇದ್ದರೆ ಕಾವಲಿಲ್ಲ. ಕಾವಲಿಲ್ಲದಿದ್ದರೆ ಕಾಡುಹಂದಿಗೆ ಹಬ್ಬ. ಹೀಗೆ ತನ್ನ ಅಕ್ಕಿ ತಾನೇ ಬೆಳೆಯುತ್ತಿದ್ದ ಜನ ಪಡಿತರದ ಸಾಲಿಗೆ ಬಂದರು. ಮಲಯದಂತೆ ತೋಟದ ಕೂಲಿ ಇಲ್ಲಿ ಇರಲಿಲ್ಲ. ಸಿಕ್ಕಿದ್ದು ರಸ್ತೆ ಕೆಲಸ, ಸೇನೆಗೆ ಹೊರೆ ಹೊರುವ ಕೆಲಸ.

ಇನ್ನು ಕಾಗದ. ಹಕ್ಕುಪತ್ರ ಬದಲು ಇಲ್ಲಿನ ಜನರಿಂದ ಪಡೆದದ್ದು ‘ಸ್ವಇಚ್ಛೆಯಿಂದ ಬಂದಿದ್ದೇವೆ’ ಎಂಬ ಸಹಿ. ಹಿಂದೆ ತಿರುಗಿ ನೋಡಿದರೆ ಊರು ಉರಿಯುತ್ತಿತ್ತು. ಹಳ್ಳಿಯ ಹಿರಿಯನ ಕೈಯಲ್ಲಿ ಇಂಥ ಸಹಿ ಹಾಕಿಸಿಕೊಂಡ ಮೇಲೆ ಅವನನ್ನು ಶಾಂತಿ ಸಭೆಗೆ ಕರೆದರೆ ಅವನು ಏನು ಮಾತಾಡಬೇಕು?

ಸೇನಾ ದೃಷ್ಟಿಯಿಂದ ಲಾಭ ಆಗಲಿಲ್ಲ ಎನ್ನಲಾರೆ. ಹೆದ್ದಾರಿ ಸುರಕ್ಷಿತವಾಯಿತು, ಗೆರಿಲ್ಲಾಗಳಿಗೆ ಒಳಗಿನ ಅಕ್ಕಿ ಕಷ್ಟವಾಯಿತು. ಆದರೆ ಅವರಿಗೆ 1971ರವರೆಗೆ ಗಡಿಯಾಚೆ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಗುಡ್ಡಗಳಲ್ಲಿ ನೆಲೆ ಇತ್ತು. ಮಲಯದ ಗೆರಿಲ್ಲಾಗಳಿಗೆ ಥಾಯ್ ಗಡಿ ಬಿಟ್ಟರೆ ಹಿತ್ತಿಲಿಲ್ಲ. ಹಿತ್ತಿಲು ತೆರೆದಿರುವಾಗ ಮುಂಬಾಗಿಲಿಗೆ ಎಷ್ಟು ಬೀಗ ಹಾಕಿದರೂ ಅಷ್ಟೇ.

ಮುಗಿದದ್ದು ಬೇಲಿಯಿಂದಲ್ಲ. ಎರಡೂ ಕಡೆ ಹೋಗಿಬರಬಲ್ಲ ಚರ್ಚಿನ ಹಿರಿಯರಿದ್ದರು. 1972ರಲ್ಲಿ ಕೇಂದ್ರಾಡಳಿತ ಪ್ರದೇಶ, 1986ರ ಜೂನ್ 30ಕ್ಕೆ ಒಪ್ಪಂದ, 1987ರ ಫೆಬ್ರವರಿಯಲ್ಲಿ ರಾಜ್ಯ. ಕಾಡಿನಿಂದ ಬಂದ ಲಾಲ್‌ದೆಂಗಾ ಮುಖ್ಯಮಂತ್ರಿಯಾದರು. ಶರಣಾದವನಿಗೆ ತಲೆ ಎತ್ತಿ ಬರುವ ದಾರಿ ಸಿಕ್ಕಿತು, ಆ ಒಪ್ಪಂದ ಇಂದಿಗೂ ನಿಂತಿದೆ.

---

ಅಂಕಿಅಂಶ:

ಅಳತೆಯ ಬಗ್ಗೆ ಒಂದು ಮಾತು ಬಿಟ್ಟುಹೋಗಿದೆ. ದಕ್ಷಿಣ ವಿಯೆಟ್ನಾಂನಲ್ಲಿ 1962ರಲ್ಲಿ ಶುರುವಾದ ಆಯಕಟ್ಟಿನ ಹಳ್ಳಿಗಳ ಯೋಜನೆ ಮಲಯದ ಪಾಠವನ್ನೇ ಹಿಡಿದದ್ದು. ಮಲಯದಲ್ಲಿ ಕೆಲಸ ಮಾಡಿದ ರಾಬರ್ಟ್ ಥಾಂಪ್ಸನ್ ಅಲ್ಲಿ ಸಲಹೆಗಾರ. ಸುರಕ್ಷಿತ ಪ್ರದೇಶದಿಂದ ಎಣ್ಣೆಹನಿಯಂತೆ ನಿಧಾನ ಹರಡಿ ಎಂಬುದು ಅವನ ಸಲಹೆ. ಸೈಗಾನಿನಲ್ಲಿದ್ದ ದಕ್ಷಿಣ ವಿಯೆಟ್ನಾಂ ಸರ್ಕಾರಕ್ಕೆ ಬೇಕಾದದ್ದು ಸಂಖ್ಯೆ. ಒಂದೂವರೆ ವರ್ಷದಲ್ಲಿ ಸಾವಿರಾರು ಹಳ್ಳಿ ‘ಪೂರ್ಣ’ ಎಂದು ವರದಿ ಹೋಯಿತು. 1963ರ ನವೆಂಬರ್ ಕ್ಷಿಪ್ರಕ್ರಾಂತಿಯ ನಂತರ ಹೋಗಿ ನೋಡಿದರೆ ಲಾಂಗ್ ಆನ್‌ನಂಥ ಪ್ರಾಂತಗಳಲ್ಲಿ ಬಹಳಷ್ಟು ಕಾಗದದ ಮೇಲೆ ಮಾತ್ರ ಇದ್ದವು.

ಬೇಲಿಯ ಉದ್ದ, ಸತ್ತವರ ಎಣಿಕೆ ಇವು ಜನರ ಒಲವನ್ನು ಅಳೆಯುವುದಿಲ್ಲ. ನೋಡಬೇಕಾದ್ದು ಬೇರೆ. ಕೇಳದೇ ಬಂದ ಸುದ್ದಿ ಎಷ್ಟು? ಹಳ್ಳಿಯ ಮುಖ್ಯಸ್ಥ ರಾತ್ರಿ ಊರಲ್ಲೇ ಮಲಗುತ್ತಾನೋ, ಪಟ್ಟಣಕ್ಕೆ ಓಡುತ್ತಾನೋ? ಹೋಂ ಗಾರ್ಡಿಗೆ ಕೊಟ್ಟ ಬಂದೂಕುಗಳಲ್ಲಿ ಎಷ್ಟು ಕಳೆದುಹೋದವು? ಮಲಯದಲ್ಲಿ ಚೀನೀ ಹೋಂ ಗಾರ್ಡುಗಳಿಗೆ ಬಂದೂಕು ಕೊಟ್ಟದ್ದು ಹಂತ ಹಂತವಾಗಿ: ಮೊದಲು ಪಾಳಿಯ ಮೇಲೆ ಠಾಣೆಯಿಂದ ಪಡೆದು ವಾಪಸ್ ಕೊಡುವುದು, ನಂಬಿಕೆ ಕುದುರಿದ ಮೇಲೆ ಊರಿನ ರಕ್ಷಣೆಯೇ ಅವರ ಕೈಗೆ. ಆ ಹೊತ್ತಿಗೆ ಬೇಲಿ ಜನರನ್ನು ಒಳಗಿಡುವ ಬೇಲಿಯಾಗಿ ಉಳಿದಿರಲಿಲ್ಲ.

---

ತುಂಗಾತೀರ ಉತ್ತರ:

ಕಾಡಿನೊಳಗೇ ಇದ್ದ ಓರಾಂಗ್ ಅಸ್ಲಿ ಬುಡಕಟ್ಟಿನವರನ್ನು ಯಾರೂ ಹೇಳಲಿಲ್ಲ. ಮೊದಲು ಅವರನ್ನೂ ಬಯಲಿನ ಶಿಬಿರಗಳಿಗೆ ಇಳಿಸಿದರು. ಸೆಕೆ, ರೋಗ, ಒಗ್ಗದ ಊಟದಿಂದ ಬಹಳ ಜನ ಸತ್ತರು, ಉಳಿದವರಲ್ಲಿ ಎಷ್ಟೋ ಜನ ಓಡಿ ಗೆರಿಲ್ಲಾಗಳ ಬಳಿಗೇ ಹೋದರು. ಆಮೇಲೆ ದಾರಿ ತಿರುಗಿಸಿದರು. ಜನರನ್ನು ಕೆಳಗಿಳಿಸುವ ಬದಲು 1952-53ರಿಂದ ಕಾಡಿನೊಳಗೇ ಕೋಟೆಗಳನ್ನು ಕಟ್ಟಿ, ಸಣ್ಣ ವಿಮಾನ ಇಳಿಯುವ ಪಟ್ಟಿ, ಔಷಧಾಲಯ, ಉಪ್ಪು-ಬಟ್ಟೆಯ ಅಂಗಡಿ ಇಟ್ಟರು.

ನಮ್ಮ ಪಶ್ಚಿಮ ಘಟ್ಟಕ್ಕೆ ಇದು ತಾಗುತ್ತದೆ. ಪ್ರಮಾಣ ಬೇರೆ, ಮಲಯದ ಜೊತೆ ನೇರ ಹೋಲಿಕೆ ಸಲ್ಲದು. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಕುಟುಂಬಗಳಿಗೆ 2001ರ ಅಂತಿಮ ಅಧಿಸೂಚನೆಯ ಆಸುಪಾಸು ಹುಟ್ಟಿದ ಒಕ್ಕಲೆಬ್ಬಿಸುವ ಭಯವೇ ನಕ್ಸಲ್ ಸಂಘಟನೆಗೆ ಅಲ್ಲಿ ಮೊದಲ ಬಾಗಿಲು ತೆರೆದದ್ದು. ಕಾರ್ಕಳದಿಂದ ನಕ್ಸಲ್ ನಿಗ್ರಹ ಪಡೆ ವರ್ಷಗಟ್ಟಲೆ ಗಸ್ತು ತಿರುಗಿತು. 2025ರ ಜನವರಿ 8ರಂದು ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದದ್ದು ಮಾತ್ರ ನಾಗರಿಕ ಮಧ್ಯಸ್ಥರ ಮೂಲಕ. ಮಿಜೋ ಚರ್ಚಿನ ಹಿರಿಯರ ಜಾಗದಲ್ಲಿ ಇಲ್ಲಿ ಈ ಮಧ್ಯಸ್ಥರಿದ್ದರು.

ಅದಾದ ಮೇಲಿನ ಕೆಲಸ ನೀರಸವಾದದ್ದು, ಅಲ್ಲೇ ಮಾತು ಉಳಿಯಬೇಕು: ಬೇರೆ ಬೇರೆ ಠಾಣೆಗಳಲ್ಲಿರುವ ಹಳೇ ಪ್ರಕರಣಗಳು ಬೇಗ ಇತ್ಯರ್ಥವಾಗಬೇಕು, ಪುನರ್ವಸತಿ ಹಣ ಕಂತು ತಪ್ಪದೆ ಬರಬೇಕು, ಕಾಡಿನೊಳಗಿನ ಆ ಹಾಡಿಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳಿಗೆ ಉತ್ತರ ಸಿಗಬೇಕು. ತಿರಸ್ಕಾರವಾದರೂ ಸರಿ, ಕಾರಣ ಬರೆದ ಕಾಗದ ಕೈಗೆ ಬಂದರೆ ಮೇಲ್ಮನವಿಗೆ ಹೋಗಬಹುದು. ಉತ್ತರವೇ ಬಾರದ ಅರ್ಜಿ ಹಿಡಿದವನ ಬಳಿ ಹೋಗಿ ಕೂರಲು ಯಾರಿಗೆ ಬೇಕಾದರೂ ಜಾಗವಿರುತ್ತದೆ.